ಸುವಾ ಸರೋವರದ ಲೆಕ್ಕದ ಹೊತ್ತಿಗೆ: ವಾಯುಗುಣದ ಬದಲಾವಣೆಗೆ ಒಂದು ದೇವಾಲಯದ ಸಾಕ್ಷ್ಯ

ಧರ್ಮಸಂಸ್ಥೆಗಳು ಕಾಪಾಡಿಕೊಂಡು ಬಂದ ಹಳೆಯ ಬರಹಗಳೆಂದರೆ ತಾಳೆಗರಿಯ ಹಸ್ತಪ್ರತಿಗಳು, ದಾನಶಾಸನಗಳು, ಗುರುಪರಂಪರೆಯ ಪಟ್ಟಿಗಳು ಸಾಮಾನ್ಯವಾಗಿ ನಮ್ಮ ನೆನಪಿಗೆ ಬರುತ್ತವೆ. ಇವು ಸಾಹಿತ್ಯಕ್ಕೂ ಇತಿಹಾಸಕ್ಕೂ ಆಕರಗಳೆಂಬುದು ಸರ್ವವಿದಿತ. ಆದರೆ ಶ್ರದ್ಧೆಯಿಂದ ಬರೆದಿಟ್ಟ ಇಂತಹ ಬರಹವೊಂದು ನಿಸರ್ಗವಿಜ್ಞಾನಕ್ಕೂ ಆಕರವಾಗಬಲ್ಲುದು, ಭೂಮಂಡಲದ ವಾಯುಗುಣವು ಬದಲಾಗುತ್ತಿರುವುದಕ್ಕೆ ಪ್ರಮಾಣವಾಗಿ ನಿಲ್ಲಬಲ್ಲುದು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದ ಸಂಗತಿಯಲ್ಲ. ಜಪಾನ್ ದೇಶದ ಸುವಾ ಸರೋವರದ ದಾಖಲೆ ಇದಕ್ಕೊಂದು ಉತ್ತಮ ನಿದರ್ಶನ. ಆ ದಾಖಲೆಯ ಸ್ವರೂಪವನ್ನೂ ಅದರಿಂದ ಶಿಕ್ಷಣಸಂಸ್ಥೆಗಳು ಕಲಿಯಬೇಕಾದ ಪಾಠವನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಹವಾಮಾನ ಮತ್ತು ವಾಯುಗುಣ

ಮೊದಲಿಗೆ ಎರಡು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಇಂದು ಮಳೆ ಬಂದಿತು, ನಾಳೆ ಬಿಸಿಲು ಕಾದೀತು ಎಂಬುದು ಹವಾಮಾನದ ಮಾತು. ಒಂದು ಪ್ರದೇಶದ ಮಳೆ, ಗಾಳಿ, ಉಷ್ಣತೆಗಳನ್ನು ಬಹುಕಾಲ, ವಾಡಿಕೆಯಂತೆ 30 ವರ್ಷ, ಅಳೆದು ತೆಗೆದ ಸರಾಸರಿಯ ಚಿತ್ರವೇ ವಾಯುಗುಣ. ಹವಾಮಾನವು ನಮ್ಮ ಮೈಗೆ ತಿಳಿಯುತ್ತದೆ. ವಾಯುಗುಣವು ಲೆಕ್ಕ ಬರೆದವರಿಗೆ ಮಾತ್ರ ತಿಳಿಯುತ್ತದೆ. ‘ನಮ್ಮ ಚಿಕ್ಕಂದಿನಲ್ಲಿ ಇಷ್ಟು ಸೆಕೆ ಇರಲಿಲ್ಲ’ ಎಂಬ ಹಿರಿಯರ ಮಾತು ನಿಜವಾಗಿರಬಹುದು. ಆದರೆ ನೆನಪು ಅಳತೆಗೋಲಾಗಲಾರದು.

ಉಷ್ಣತಾಮಾಪಕದ ದಾಖಲೆಗಳಾದರೋ ಬಹಳ ಹಿಂದಿನವಲ್ಲ. ಎಡೆಬಿಡದೆ ನಡೆದುಬಂದ ಇಂತಹ ದಾಖಲೆಗಳಲ್ಲಿ ಅತ್ಯಂತ ದೀರ್ಘವಾದ ಮಧ್ಯ ಇಂಗ್ಲೆಂಡಿನ ಶ್ರೇಣಿಯು 1659ರಲ್ಲಿ ಪ್ರಾರಂಭವಾಗುತ್ತದೆ. ಭಾರತದ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಹವೆಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹವಾಯಿ ದ್ವೀಪದ ಮೌನಾ ಲೋವಾ ಶಿಖರದಲ್ಲಿ ಸತತವಾಗಿ ಅಳೆಯಲು ಆರಂಭಿಸಿದ್ದು 1958ರಲ್ಲಿ. ಅಂದು ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗದಷ್ಟಿದ್ದ ಆ ಅನಿಲವು 2024ರಲ್ಲಿ 420 ಭಾಗಗಳನ್ನು ಮೀರಿತ್ತು. ಕಲ್ಲಿದ್ದಲು ಮತ್ತು ಖನಿಜತೈಲಗಳ ದಹನ ಇದಕ್ಕೆ ಮುಖ್ಯ ಕಾರಣ. ಭೂಮಿಯು ಹೊರಸೂಸುವ ಶಾಖವನ್ನು ಈ ಅನಿಲವು ತಡೆದಿಡುವುದರಿಂದ ಭೂಮಿಯ ಉಷ್ಣತೆ ಏರುತ್ತದೆ. ಆದರೆ ಯಂತ್ರಯುಗಕ್ಕೆ ಮುಂಚಿನ ವಾಯುಗುಣ ಹೇಗಿತ್ತೆಂಬುದನ್ನು ಅರಿಯದೆ ಈಗಿನ ಬದಲಾವಣೆಯ ಪ್ರಮಾಣವನ್ನು ನಿರ್ಣಯಿಸುವುದು ಕಷ್ಟ. ಇಲ್ಲಿಯೇ ಹಳೆಯ ಬರಹಗಳ ಪ್ರಯೋಜನ ಕಂಡುಬರುವುದು.

ದೇವರು ದಾಟಿದ ದಾರಿ

ಸುವಾ ಸರೋವರವು ಜಪಾನಿನ ನಗಾನೋ ಪ್ರಾಂತದಲ್ಲಿ, ಸಮುದ್ರಮಟ್ಟದಿಂದ 759 ಮೀಟರ್ ಎತ್ತರದಲ್ಲಿದೆ. ಕಡು ಚಳಿಗಾಲದಲ್ಲಿ ಇದರ ನೀರು ದಡದಿಂದ ದಡದವರೆಗೆ ಹೆಪ್ಪುಗಟ್ಟುತ್ತದೆ. ರಾತ್ರಿಯ ಚಳಿಗೆ ಮಂಜುಗಡ್ಡೆ ಸಂಕುಚಿಸಿ ಬಿರುಕು ಬಿಡುತ್ತದೆ. ಬಿರುಕಿನೊಳಗೆ ಬಂದ ನೀರು ತಾನೂ ಗಡ್ಡೆಗಟ್ಟುತ್ತದೆ. ಹಗಲಿನ ಕಾವಿಗೆ ಗಡ್ಡೆಯೆಲ್ಲ ಹಿಗ್ಗಿದಾಗ ಎಡೆ ಸಾಲದೆ, ಬಿರುಕಿನ ಗುಂಟ ಮಂಜಿನ ತುಂಡುಗಳು ಗುಡುಗಿನಂತಹ ಸದ್ದಿನೊಡನೆ ಮೇಲೇಳುತ್ತವೆ. ಹೀಗೆ ಸರೋವರದ ಮೇಲೆ ಹೊಲದ ಬದುವಿನಂತಹ ಒಂದು ಏಣು ಉದ್ದಕ್ಕೂ ನಿರ್ಮಾಣವಾಗುತ್ತದೆ. ಜಪಾನೀಯರು ಇದನ್ನು ‘ಓಮಿವಾತಾರಿ’, ಎಂದರೆ ದೇವರು ದಾಟಿದ ದಾರಿ, ಎಂದು ಕರೆಯುತ್ತಾರೆ. ದಕ್ಷಿಣ ದಂಡೆಯ ದೇವಾಲಯದಲ್ಲಿರುವ ತಕೆಮಿನಾಕತಾ ದೇವನು ಉತ್ತರ ದಂಡೆಯಲ್ಲಿರುವ ತನ್ನ ಪತ್ನಿ ಯಸಕತೋಮೆ ದೇವಿಯನ್ನು ಕಾಣಲು ಮಂಜಿನ ಮೇಲೆ ನಡೆದುಹೋದ ಹೆಜ್ಜೆಯ ಗುರುತು ಇದೆಂಬುದು ಅಲ್ಲಿನ ಜನರ ನಂಬಿಕೆ.

ಈ ಏಣು ಮೂಡಿದ ದಿನವನ್ನು ಶಿಂಟೋ ಧರ್ಮದ ಅರ್ಚಕರು 1443ರಿಂದ ಬರೆದಿಡುತ್ತ ಬಂದಿದ್ದಾರೆ. ಏಣು ಹಾದುಹೋದ ದಿಕ್ಕನ್ನು ನೋಡಿ ಆ ವರ್ಷದ ಬೆಳೆಯ ಭವಿಷ್ಯವನ್ನು ಹೇಳುವುದು ಅವರ ಸಂಪ್ರದಾಯ. ಈಗ ಈ ಹೊಣೆಯು ಯಾತ್ಸುರುಗಿ ದೇವಾಲಯದ್ದಾಗಿದೆ. ಪ್ರತಿವರ್ಷ ಜನವರಿಯ ಮೊದಲ ವಾರದಿಂದ ಫೆಬ್ರವರಿಯ ಆದಿಭಾಗದವರೆಗೆ ಅರ್ಚಕರೂ ಭಕ್ತರೂ ನಸುಕಿನಲ್ಲಿ ದಡಕ್ಕೆ ಹೋಗಿ ಹವೆಯ ಮತ್ತು ನೀರಿನ ಉಷ್ಣತೆಯನ್ನೂ ಮಂಜುಗಡ್ಡೆಯ ದಪ್ಪವನ್ನೂ ಅಳೆದು ಬರೆಯುತ್ತಾರೆ. ವಿಜ್ಞಾನಿಗಳಿಗೆ ನೆರವಾಗಬೇಕೆಂದು ಹಿಂದಿನವರು ಈ ಲೆಕ್ಕವನ್ನು ಆರಂಭಿಸಲಿಲ್ಲ. ದೇವರ ಬರವನ್ನು ಗುರುತಿಸುವುದು ತಮ್ಮ ಕರ್ತವ್ಯವೆಂದು ತಿಳಿದು ಬರೆದರು. ತಂದೆಯ ತರುವಾಯ ಮಗ, ಗುರುವಿನ ತರುವಾಯ ಶಿಷ್ಯ ಎಂಬಂತೆ ಆ ಕರ್ತವ್ಯವನ್ನು ಬಿಡದೆ ನಡೆಸಿದರು.

ಲೆಕ್ಕವು ಹೇಳಿದ ಮಾತು

1954ರಲ್ಲಿ ಹೆಚ್. ಅರಾಕಾವಾ ಎಂಬ ಜಪಾನೀ ವಿದ್ವಾಂಸರು ಐದು ಶತಮಾನಗಳ ಈ ದಿನಾಂಕಗಳ ವಿಷಯವನ್ನು ವಿಜ್ಞಾನ ಪ್ರಪಂಚದ ಮುಂದಿಟ್ಟರು. 2016ರಲ್ಲಿ ಕೆನಡಾದ ಯಾರ್ಕ್ ವಿಶ್ವವಿದ್ಯಾಲಯದ ಸಪ್ನಾ ಶರ್ಮಾ, ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜಾನ್ ಮ್ಯಾಗ್ನುಸನ್ ಮೊದಲಾದವರು ಅದರ ವಿಸ್ತಾರವಾದ ವಿಶ್ಲೇಷಣೆಯನ್ನು ಪ್ರಕಟಿಸಿದರು. ಚಾಂದ್ರಮಾನದ ತಿಥಿಗಳನ್ನು ಇಂದಿನ ದಿನಾಂಕಗಳಿಗೆ ಪರಿವರ್ತಿಸುವುದೂ, ಎಲ್ಲ ಕಾಲದ ಬರಹಗಳೂ ಒಂದೇ ಸಮನಾಗಿ ವಿಶ್ವಾಸಾರ್ಹವೇ ಎಂದು ಪರೀಕ್ಷಿಸುವುದೂ ಇಂತಹ ಕಾರ್ಯದ ಅನಿವಾರ್ಯ ಅಂಗಗಳು.

ಫಲಿತಾಂಶ ಹೀಗಿದೆ: 1443ರಿಂದ 1683ರವರೆಗೆ ಸರೋವರ ಹೆಪ್ಪುಗಟ್ಟುವ ದಿನವು ಹತ್ತು ವರ್ಷಕ್ಕೆ 0.19 ದಿನದಷ್ಟು ಮಾತ್ರ ಮುಂದಕ್ಕೆ ಸರಿಯುತ್ತಿತ್ತು. ಎಂದರೆ ನೂರು ವರ್ಷಕ್ಕೆ ಎರಡು ದಿನವೂ ಅಲ್ಲ. ಕೈಗಾರಿಕಾ ಕ್ರಾಂತಿಯ ನಂತರದ ಕಾಲದಲ್ಲಿ ಅದು ಹತ್ತು ವರ್ಷಕ್ಕೆ 4.6 ದಿನಗಳಂತೆ ಸರಿಯತೊಡಗಿತು. ದಾಖಲೆಯ ಮೊದಲ 250 ವರ್ಷಗಳಲ್ಲಿ ಸರೋವರ ಹೆಪ್ಪುಗಟ್ಟದೆ ಉಳಿದದ್ದು ಮೂರೇ ಬಾರಿ. 1955ರಿಂದ 2004ರವರೆಗಿನ 50 ವರ್ಷಗಳಲ್ಲಿ 12 ಬಾರಿ; 2005ರಿಂದ 2014ರವರೆಗಿನ ಹತ್ತೇ ವರ್ಷಗಳಲ್ಲಿ 5 ಬಾರಿ.

ಇದು ಆ ಒಂದು ಸರೋವರದ ಸ್ಥಳೀಯ ವಿಶೇಷವಾಗಿರಬಾರದೇಕೆ ಎಂಬ ಪ್ರಶ್ನೆ ಸಹಜ. ಆದುದರಿಂದಲೇ ಸಂಶೋಧಕರು ಇದನ್ನು ಬಹು ದೂರದ ಇನ್ನೊಂದು ದಾಖಲೆಯೊಡನೆ ಹೋಲಿಸಿದರು. ಉತ್ತರ ಯೂರೋಪಿನ ಟೋರ್ನೆ ನದಿಯ ಮಂಜು ವಸಂತದಲ್ಲಿ ಒಡೆಯುವ ದಿನವನ್ನು ಓಲಾಫ್ ಆಲ್‌ಬೊಮ್ ಎಂಬ ವರ್ತಕನು 1693ರಿಂದ ಬರೆಯಲಾರಂಭಿಸಿದ್ದನು. ಅಲ್ಲಿಯೂ ಮಂಜು ಒಡೆಯುವ ದಿನವು ಬರಬರುತ್ತ ಹಿಂದಕ್ಕೆ ಸರಿದಿತ್ತು, ಎಂದರೆ ಚಳಿಗಾಲ ಬೇಗ ಮುಗಿಯುತ್ತಿತ್ತು. ಪರಸ್ಪರ ಪರಿಚಯವಿಲ್ಲದ, ಭಾಷೆಯೂ ಧರ್ಮವೂ ಬೇರೆಯಾದ ಇಬ್ಬರು ಸಾಕ್ಷಿಗಳು ಒಂದೇ ಮಾತನ್ನು ನುಡಿದಾಗ ನ್ಯಾಯಾಧೀಶನು ಅದನ್ನು ಅಲಕ್ಷಿಸಲಾರ.

ಆಗಲಿಲ್ಲವೆಂಬುದೂ ದಾಖಲೆಯೇ

ಸುವಾ ಸರೋವರದಲ್ಲಿ ಓಮಿವಾತಾರಿ ಮೂಡಿದ್ದು 2018ರ ಚಳಿಗಾಲದಲ್ಲಿ. ಅದಾದ ಮೇಲೆ 2025ರವರೆಗಿನ ಏಳು ಚಳಿಗಾಲಗಳಲ್ಲಿ ಒಮ್ಮೆಯೂ ಮೂಡಲಿಲ್ಲ. ಅಂತಹ ವರ್ಷಗಳಲ್ಲಿ ಅರ್ಚಕರು ‘ತೆರೆದ ಕಡಲು’ ಎಂಬ ಅರ್ಥದ ಮಾತನ್ನು ವಿಧಿಪೂರ್ವಕವಾಗಿ ಘೋಷಿಸಿ, ಅದನ್ನೂ ಹೊತ್ತಿಗೆಯಲ್ಲಿ ನಮೂದಿಸುತ್ತಾರೆ. ಈ ಅಂಶವು ವಿಶೇಷ ಗಮನಾರ್ಹ. ಉತ್ಸವ ನಡೆದ ವರ್ಷವನ್ನು ಬರೆಯುವುದು ಸುಲಭ. ನಡೆಯದ ವರ್ಷವನ್ನು ಬರೆಯಲು ನಿಷ್ಠೆ ಬೇಕು. ದೇವರು ಬಾರದ ವರ್ಷವನ್ನು ಮರೆಮಾಚಿದ್ದರೆ ಆ ಪುಸ್ತಕವು ಭಕ್ತಿಯ ಗ್ರಂಥವಾಗಿ ಉಳಿಯುತ್ತಿತ್ತೇ ಹೊರತು ವಿಜ್ಞಾನಕ್ಕೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ಇಲ್ಲಿ ಒಂದು ವಿಷಾದದ ಸಂಗತಿಯೂ ಅಡಗಿದೆ. ಹೆಪ್ಪುಗಟ್ಟಿದ ಸರೋವರವಿಲ್ಲದೆ ಆ ಪೂಜೆಯಿಲ್ಲ. ಮುಂದಿನ ತಲೆಮಾರಿನ ಬಾಲಕರು ಆ ಗುಡುಗಿನ ಸದ್ದನ್ನು ಕೇಳದೆಯೇ ಬೆಳೆದಾರು. ಕೇಳದವರು ನಸುಕಿನಲ್ಲೆದ್ದು ದಡಕ್ಕೆ ಹೋಗುವ ಶ್ರಮವನ್ನು ಎಷ್ಟು ಕಾಲ ವಹಿಸಿಯಾರು? ಆಚಾರ ನಿಂತರೆ ಆರು ಶತಮಾನಗಳನ್ನು ಸಮೀಪಿಸುತ್ತಿರುವ ಲೆಕ್ಕವೂ ನಿಲ್ಲುತ್ತದೆ. ವಾಯುಗುಣದ ಬದಲಾವಣೆಯು ಹೀಗೆ ತನ್ನ ಸಾಕ್ಷಿಯನ್ನೇ ಅಳಿಸಿಹಾಕಬಲ್ಲುದು.

ನೀತಿ ನಿರೂಪಣೆಯ ವಿಚಾರ

ಪರಂಪರೆಗೆ ಒದಗಿದ ಈ ಅಪಾಯವನ್ನು ಅಂತರರಾಷ್ಟ್ರೀಯ ಸಂಸ್ಥೆಗಳು ಗುರುತಿಸಿದ್ದು ಇತ್ತೀಚೆಗೆ. ಯುನೆಸ್ಕೋದ ವಿಶ್ವ ಪರಂಪರೆ ಸಮಿತಿಯು 2005ರಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡಿತು. 2007ರಲ್ಲಿ ಒಂದು ನೀತಿಪತ್ರ ಅಂಗೀಕೃತವಾಯಿತು. 2023ರಲ್ಲಿ ಅದು ಪರಿಷ್ಕೃತವಾಯಿತು. 2015ರ ಪ್ಯಾರಿಸ್ ಒಪ್ಪಂದದ ಏಳನೆಯ ವಿಧಿಯು, ಬದಲಾದ ವಾಯುಗುಣಕ್ಕೆ ಹೊಂದಿಕೊಳ್ಳುವ ಕ್ರಮಗಳು ವಿಜ್ಞಾನವನ್ನೂ, ಉಚಿತವಾದೆಡೆ ಸಾಂಪ್ರದಾಯಿಕ ಹಾಗೂ ಸ್ಥಳೀಯ ಜ್ಞಾನವನ್ನೂ ಆಧರಿಸಿರಬೇಕೆಂದು ಹೇಳುತ್ತದೆ. ಕಟ್ಟಡಗಳ ರಕ್ಷಣೆಯಷ್ಟೇ ಈ ನೀತಿಗಳ ಗುರಿಯಾದರೆ ಸಾಲದು. ಬರೆದಿಡುವ ರೂಢಿಯೂ ರಕ್ಷಣೆಗೆ ಅರ್ಹವಾದ ಪರಂಪರೆಯೆಂಬುದನ್ನು ಸುವಾ ಸರೋವರವು ಮನಗಾಣಿಸುತ್ತದೆ.

ನಮ್ಮ ನಾಡಿಗೆ ಅನ್ವಯ

ಈ ಪಾಠವು ನಮ್ಮ ನಾಡಿಗೆ ದೂರದ್ದೇನೂ ಅಲ್ಲ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲಿನ ದೇವಾಲಯಗಳ ಆವರಣವನ್ನು 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆಯ ನೆರೆ ಹೊಕ್ಕಿತು. ಒಂದು ನೆರೆಯನ್ನು ನೋಡಿ ವಾಯುಗುಣ ಬದಲಾಯಿತೆಂದು ಹೇಳುವುದು ಶಾಸ್ತ್ರಸಮ್ಮತವಾಗಲಾರದು. ಜಲಾಶಯದಿಂದ ಬಿಟ್ಟ ನೀರು, ನದೀಪಾತ್ರದ ಸ್ಥಿತಿ ಇವೂ ಲೆಕ್ಕಕ್ಕೆ ಬರುತ್ತವೆ. ನದಿಯ ನೀರು ಯಾವ ಯಾವ ವರ್ಷ, ಯಾವ ದಿನ, ಯಾವ ಮೆಟ್ಟಿಲವರೆಗೆ ಬಂದಿತ್ತೆಂಬ ದೀರ್ಘಕಾಲದ ಬರಹವಿದ್ದರೆ ಮಾತ್ರ ಇಂತಹ ಪ್ರಶ್ನೆಗೆ ಸಮರ್ಪಕವಾದ ಉತ್ತರ ದೊರೆತೀತು.

ಬರೆದಿಡುವ ಬುದ್ಧಿ ನಮ್ಮವರಿಗೂ ಇತ್ತು. ತಾಳಗುಂದದ ಸ್ತಂಭಶಾಸನವು ಕದಂಬ ದೊರೆ ಕಾಕುತ್ಸ್ಥವರ್ಮನು ಕೆರೆ ಕಟ್ಟಿಸಿದುದನ್ನು ತಿಳಿಸುತ್ತದೆ. ಆದರೆ ಕೆರೆ ಕಟ್ಟಿದ್ದನ್ನು ಕಲ್ಲಿನಲ್ಲಿ ಕೊರೆಯುವುದು ಒಂದು ಬಗೆ. ಅದು ತುಂಬಿದ ದಿನವನ್ನು ವರ್ಷ ವರ್ಷವೂ ಬರೆಯುವುದು ಇನ್ನೊಂದು ಬಗೆ. ಕೆರೆ ಕೋಡಿ ಬಿದ್ದಾಗ ಗಂಗೆಗೆ ಬಾಗಿನ ಅರ್ಪಿಸುವ ಪದ್ಧತಿ ನಮ್ಮಲ್ಲಿ ಇಂದಿಗೂ ಇದೆ. ಆ ದಿನಾಂಕಗಳನ್ನು ಒಂದು ಪುಸ್ತಕದಲ್ಲಿ ಕ್ರಮವಾಗಿ ಬರೆದಿಟ್ಟ ಊರುಗಳು ಎಷ್ಟಿದ್ದಾವು? ಕೋಡಿ ಬೀಳದ ವರ್ಷವನ್ನೂ ನಮೂದಿಸಿದ ಊರುಗಳಂತೂ ಇನ್ನೂ ವಿರಳವೆಂದು ತೋರುತ್ತದೆ.

ಶಾಲೆಗಳು ಈ ಕಾರ್ಯವನ್ನು ಕೈಗೊಳ್ಳಲು ಯೋಗ್ಯವಾದ ಸ್ಥಳಗಳು. ಅಧ್ಯಾಪಕರು ವರ್ಗವಾಗಬಹುದು, ವಿದ್ಯಾರ್ಥಿಗಳು ತೇರ್ಗಡೆಯಾಗಿ ಹೋಗಬಹುದು. ಸಂಸ್ಥೆ ಮಾತ್ರ ನಿಲ್ಲುತ್ತದೆ. ಒಂದು ಮಳೆಮಾಪಕ, ಬಾವಿಯ ನೀರಿನ ಮಟ್ಟವನ್ನಳೆಯಲು ಗುರುತು ಹಾಕಿದ ಹಗ್ಗ, ಗಟ್ಟಿಯಾದ ರಟ್ಟಿನ ಒಂದು ಪುಸ್ತಕ, ಇಷ್ಟೇ ಇದಕ್ಕೆ ಬೇಕಾದ ಸಾಮಗ್ರಿ. ಸ್ಥಳವನ್ನೂ ವೇಳೆಯನ್ನೂ ಬದಲಿಸಬಾರದು. ಬದಲಿಸಬೇಕಾಗಿ ಬಂದರೆ ಅದನ್ನೂ ಬರೆಯಬೇಕು. ಕಂಡದ್ದನ್ನು ಮಾತ್ರ ಬರೆಯಬೇಕು, ಊಹಿಸಿದ್ದನ್ನು ಬರೆಯಬಾರದು. ಮಳೆ ಬಾರದ ದಿನಕ್ಕೆ ಸೊನ್ನೆಯನ್ನು ಹಾಕಬೇಕು. ಅಳೆಯದೆ ತಪ್ಪಿದ ದಿನಕ್ಕೆ ಸೊನ್ನೆ ಹಾಕದೆ ‘ಅಳೆದಿಲ್ಲ’ ಎಂದೇ ಬರೆಯಬೇಕು. ಮಾವಿನ ಮರ ಮೊದಲು ಹೂಬಿಟ್ಟ ದಿನ, ಕೆರೆ ಕೋಡಿ ಬಿದ್ದ ದಿನ ಇವುಗಳನ್ನು ಮಕ್ಕಳೇ ನೋಡಿ ಬರೆಯಬಹುದು.

ದಾನಿಗಳ ಹೆಸರನ್ನು ಹೊತ್ತ ಕೊಠಡಿಗಳು ವಿದ್ಯಾಲಯಗಳಿಗೆ ಆವಶ್ಯಕವೇ ಸರಿ. ಅದರೊಡನೆ, ಹಳೆಯ ಕಡತಗಳನ್ನು ಗೆದ್ದಲಿನಿಂದ ಕಾಪಾಡುವ ಒಂದು ಕಪಾಟು, ಈ ಲೆಕ್ಕದ ಪುಸ್ತಕಕ್ಕೆ ಪ್ರತಿವರ್ಷ ಹೊಸ ಹಾಳೆ ಇವುಗಳಿಗಾಗಿ ಅಲ್ಪ ಧನವನ್ನು ಮೀಸಲಿಟ್ಟರೂ ಅದು ಸಣ್ಣ ದಾನವಾಗಲಾರದು. ಇಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬರೆಯುವ ಮೊದಲ ಅಂಕಿಗೆ ಇಂದೇ ಬೆಲೆ ತಿಳಿಯದು. ಮೂವತ್ತು ವರ್ಷ ಬಿಡದೆ ಬರೆದಾಗ ಅದು ಆ ಊರಿನ ವಾಯುಗುಣದ ಚರಿತ್ರೆಯಾಗುತ್ತದೆ. ಆಗ ಅದನ್ನು ಓದುವ ಸಂಶೋಧಕನು ಬರೆದವರ ಹೆಸರನ್ನು ಅರಿಯದಿದ್ದರೂ ಅವರ ಕೈಬರಹವನ್ನು ನಂಬಿಯಾನು.