ಚಳಿಗೆ ಕೈಹೆಣಿಗೆ: ಮನೆಯವರಿಗೂ ಕರುವಿಗೂ



ಪಶುವೈದ್ಯನಾದವನು ಉಲ್ಲನ್ ಹೆಣಿಗೆಯ ಬಗ್ಗೆ ಬರೆಯುವುದೇ ಎಂದು ತಾವು ಹುಬ್ಬೇರಿಸಬಹುದು. ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಖನಿಜ ಮಿಶ್ರಣ, ಕೃತಕ ಗರ್ಭಧಾರಣೆ ಇವುಗಳ ವಿಚಾರವೇ ಬರುತ್ತದೆ. ಆದರೆ ಹುತ್ತರಿ ಕಳೆದ ಮೇಲೆ ನಮ್ಮ ಜಿಲ್ಲೆಯಲ್ಲಿ ಬೆಳಗಿನ ಜಾವ ಐದು ಗಂಟೆಗೆ ಎದ್ದು ಕೊಟ್ಟಿಗೆಗೆ ಹೋಗುವವರ ಕೈ ಹೇಗಿರುತ್ತದೆಂದು ತಮಗೆ ಗೊತ್ತು. ಆ ಕೈ ಕೆಚ್ಚಲಿಗೆ ತಗುಲಿದಾಗ ಹಸುವಿಗೆ ಹೇಗಾಗುತ್ತದೆಂಬುದು ನನಗೆ ಗೊತ್ತು. ಆದ್ದರಿಂದ ಇದು ಹೈನುಗಾರಿಕೆಯ ವಿಷಯವೇ ಎಂದು ಭಾವಿಸಿ ಓದಬೇಕಾಗಿ ವಿನಂತಿ.

ನಮ್ಮಲ್ಲಿ ಚಳಿ ಎರಡು ಬಗೆಯದು. ಒಂದು, ಡಿಸೆಂಬರ್–ಜನವರಿಯ ಇಬ್ಬನಿಯ ಒಣ ಚಳಿ. ಇನ್ನೊಂದು ಕಕ್ಕಡದ ಮಳೆಗಾಲದ ಒದ್ದೆ ಚಳಿ. ಉಷ್ಣತಾಮಾಪಕದಲ್ಲಿ ನೋಡಿದರೆ ಮಳೆಗಾಲದಲ್ಲಿ ಚಳಿ ಅಷ್ಟೇನೂ ಕಾಣುವುದಿಲ್ಲ. ಆದರೆ ಒದ್ದೆ ಮೈ ಮತ್ತು ಗಾಳಿ ಎರಡೂ ಸೇರಿದರೆ ಮೈಯ ಶಾಖ ಬಹಳ ಬೇಗ ಇಳಿಯುತ್ತದೆ. ಕರುಗಳು ಹೆಚ್ಚಾಗಿ ಸಾಯುವುದನ್ನು ನಾನು ಕಂಡಿರುವುದು ಈ ಎರಡನೆಯ ಚಳಿಯಲ್ಲಿ.

ಸೇವೆಗೆ ಸೇರಿದ ಹೊಸತರಲ್ಲಿ ಸೋಮವಾರಪೇಟೆ ಕಡೆಯ ಒಂದು ಮನೆಗೆ ಕಕ್ಕಡದ ರಾತ್ರಿ ಹೋಗಿದ್ದೆ. ಜರ್ಸಿ ಮಿಶ್ರತಳಿ ಹಸು ಸಂಜೆ ಕರು ಹಾಕಿತ್ತು. ಕರುವಿನ ಮೈಗೆ ಸಗಣಿ, ಕೆಸರು ಮೆತ್ತಿದೆಯೆಂದು ಮನೆಯವರು ತಣ್ಣೀರಿನಲ್ಲಿ ತೊಳೆದಿದ್ದರು. ಕೆಟ್ಟ ಉದ್ದೇಶವೇನಿಲ್ಲ, ಶುಚಿಯಾಗಿರಲಿ ಎಂದೇ. ನಾನು ತಲುಪುವ ಹೊತ್ತಿಗೆ ಕರುವಿನ ಬಾಯಿಯ ಒಳಭಾಗವೇ ತಣ್ಣಗಾಗಿತ್ತು. ಗುದದ ಉಷ್ಣತೆ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್ ಇರಬೇಕಾದದ್ದು 35 ದಾಟಲಿಲ್ಲ. ಬೆಂಕಿಯ ಬಳಿ ತಂದೆವು, ಉಜ್ಜಿದೆವು, ಔಷಧ ಕೊಟ್ಟೆ. ಬೆಳಗಾಗುವ ಮೊದಲೇ ಹೋಯಿತು. ಹೆಣ್ಣು ಕರು.

ಮರುವರ್ಷ ಅದೇ ಹಸು ಪುನಃ ಮಳೆಯಲ್ಲೇ ಕರು ಹಾಕಿತು. ಈ ಸಲ ನಾನು ಹೋದಾಗ ಕರು ಒಣಹುಲ್ಲಿನ ಮೇಲೆ ಮಲಗಿತ್ತು, ಮೈಮೇಲೆ ನೀಲಿ ಬಣ್ಣದ ಹಳೆಯ ಸ್ವೆಟರ್! ಮನೆಯ ಅಜ್ಜಿ ಕರುವನ್ನು ಗೋಣಿಯಲ್ಲಿ ಚೆನ್ನಾಗಿ ಉಜ್ಜಿ ಒಣಗಿಸಿ, ಗಿಣ್ಣು ಹಾಲು ಕುಡಿಸಿ, ಮೊಮ್ಮಗನ ಸ್ವೆಟರಿನ ತೋಳುಗಳಿಗೆ ಅದರ ಮುಂಗಾಲು ತೂರಿಸಿ ತೊಡಿಸಿದ್ದರು. ಸ್ವೆಟರ್ ಅವರೇ ಹೆಣೆದದ್ದು. ನನಗೆ ನಗು ಬಂದರೂ ಥರ್ಮಾಮೀಟರ್ ಇಟ್ಟು ನೋಡಿದಾಗ 38.6 ಇತ್ತು. ಆ ಕರು ಬೆಳೆದು ಹಸುವಾಗಿ ಅದೇ ಸಂಘಕ್ಕೆ ಹಾಲು ಕೊಟ್ಟಿತು. ಕರು ಉಳಿದದ್ದು ಸ್ವೆಟರಿನಿಂದಲೇ ಎಂದು ನಾನು ಹೇಳಲಾರೆ. ಒಣಗಿಸಿದ್ದು ಮತ್ತು ಗಿಣ್ಣು ಹಾಲು, ಇವೆರಡೇ ಮುಖ್ಯ. ಸ್ವೆಟರ್ ಮೂರನೆಯದು. ಆದರೆ ಅಂದಿನಿಂದ ಹೆಣಿಗೆಯನ್ನು ಬಿಡುವಿನ ವೇಳೆಯ ಆಟವೆಂದು ಹೇಳುವುದನ್ನು ಬಿಟ್ಟೆ.

ಉಣ್ಣೆ ಏಕೆ ಬೆಚ್ಚಗೆ?

ಉಣ್ಣೆ, ಕೂದಲು, ಗೊರಸು, ಕೊಂಬು ಇವೆಲ್ಲ ಕೆರಾಟಿನ್ ಎಂಬ ಒಂದೇ ಜಾತಿಯ ಸಸಾರಜನಕದಿಂದ ಆದವು. ಉಣ್ಣೆಯ ಎಳೆ ನೇರವಾಗಿರದೆ ಸುರುಳಿ ಸುರುಳಿಯಾಗಿರುವುದರಿಂದ ಎಳೆಗಳ ನಡುವೆ ಗಾಳಿ ನಿಲ್ಲುತ್ತದೆ. ಬೆಚ್ಚಗಿಡುವುದು ಆ ನಿಂತ ಗಾಳಿಯೇ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಉಣ್ಣೆ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಹಿಂದಿನವರು ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಗದ್ದೆಗೆ ಇಳಿಯುತ್ತಿದ್ದುದು ಸುಮ್ಮನೆ ಅಲ್ಲ. ಚಿತ್ರದುರ್ಗ, ಬಳ್ಳಾರಿ ಕಡೆಯ ಕುರುಬರು ದಖ್ಖನಿ ಕುರಿಯ ಒರಟು ಉಣ್ಣೆಯಿಂದ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಗಡುಸು ಮಾಡುವ ಕಂಬಳಿ ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ಆ ಉಣ್ಣೆ ಚರ್ಮಕ್ಕೆ ಚುಚ್ಚುತ್ತದೆ, ಕಿವಿಗೆ ಸುತ್ತುವ ಮಫ್ಲರಿಗೆ ಆಗದು. ಹೆಣಿಗೆಯ ಮೃದು ಉಲ್ಲನ್ ಬಹುಪಾಲು ಆಸ್ಟ್ರೇಲಿಯಾದ ಮೆರಿನೋ ಕುರಿಯದು.

ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದೆಲ್ಲ ಉಣ್ಣೆಯಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ಕ್ಯಾಶ್ಮಿಲಾನ್ ಎಂದು ನಮ್ಮ ತಾಯಂದಿರು ಕರೆಯುತ್ತಿದ್ದುದು ಅಕ್ರಿಲಿಕ್ ಎಂಬ ಕೃತಕ ನೂಲು. ಅಗ್ಗ, ಬಣ್ಣ ಚೆನ್ನ, ನುಸಿ ಹಿಡಿಯುವುದಿಲ್ಲ, ತೊಳೆಯಲು ಸುಲಭ. ದೋಷ ಒಂದೇ, ಅದು ದೊಡ್ಡ ದೋಷ: ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಒಲೆಯ ಮುಂದೆ ಕೂರುವ ಅಜ್ಜ–ಅಜ್ಜಿಯರಿಗೆ, ಹಂಡೆ ಒಲೆಗೆ ಸೌದೆ ನೂಕುವವರಿಗೆ ಇದು ತಕ್ಕುದಲ್ಲ. ಪರೀಕ್ಷೆ ಸುಲಭ. ಒಂದು ಗೇಣು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ನಿಜವಾದ ಉಣ್ಣೆಯಾದರೆ ನಿಧಾನವಾಗಿ ಉರಿದು, ಬೆಂಕಿ ತೆಗೆದೊಡನೆ ಆರಿ, ಬೆರಳಲ್ಲಿ ಪುಡಿಯಾಗುವ ಬೂದಿ ಉಳಿಯುತ್ತದೆ. ವಾಸನೆಯನ್ನು ತಾವು ಬಲ್ಲಿರಿ: ಕರುವಿನ ಕೊಂಬು ಸುಡಿಸುವಾಗ ಬರುವ ವಾಸನೆಯೇ ಅದು. ಅಕ್ರಿಲಿಕ್ ಆದರೆ ಕರಗಿ ತೊಟ್ಟಿಕ್ಕಿ, ಗಟ್ಟಿ ಕಪ್ಪು ಮಣಿಯಾಗುತ್ತದೆ. ತೊಟ್ಟಿಕ್ಕಿದ್ದು ಕೈಗೆ ಬೀಳದಂತೆ ನೋಡಿಕೊಳ್ಳಿ.

ಹಾಲು ಕರೆಯುವವರ ಮುಂಗೈ ಚೀಲ

ಇದು ಬೆರಳಿಲ್ಲದ, ಅಂಗೈಯಿಂದ ಮಣಿಕಟ್ಟು ದಾಟಿ ಬರುವ ಕೊಳವೆಯಂಥ ಚೀಲ. ಬೆರಳಿಗೆ ಹೋಗುವ ರಕ್ತವೆಲ್ಲ ಮಣಿಕಟ್ಟಿನಲ್ಲಿ ಚರ್ಮದ ಹತ್ತಿರದಿಂದಲೇ ಹಾದುಹೋಗುವುದರಿಂದ, ಆ ಭಾಗ ಬೆಚ್ಚಗಿದ್ದರೆ ಬೆರಳೂ ಬೇಗ ಮರಗಟ್ಟುವುದಿಲ್ಲ. ಹೊಸದಾಗಿ ಕಲಿಯುವವರಿಗೂ ಎರಡು ಮೂರು ಸಂಜೆಯ ಕೆಲಸ. ಕೆಳಗಿನ ಅಳತೆಗಳು ನನ್ನವಲ್ಲ. ನನ್ನ ಮನೆಯವರು ಎರಡು ಸಲ ಹೆಣೆದು ನೋಡಿ ಬರೆಸಿದ್ದು. ನಾನು ಚಿಕ್ಕಂದಿನಲ್ಲಿ ಲಡಿಯನ್ನು ಎರಡು ಕೈಗೆ ಸಿಕ್ಕಿಸಿಕೊಂಡು ಕುಳಿತು ತಾಯಿಗೆ ಉಂಡೆ ಸುತ್ತಲು ಕೊಟ್ಟವನು ಮಾತ್ರ.

ಡಬಲ್ ನಿಟ್ ದಪ್ಪದ ಉಲ್ಲನ್ 50 ಗ್ರಾಂ, 10ನೇ ನಂಬರಿನ ಕಡ್ಡಿ ಒಂದು ಜೊತೆ ಸಾಕು. (ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳ್ಳಗೆ. 10 ಎಂದರೆ ಮೂರೂಕಾಲು ಮಿಲಿಮೀಟರ್, 8 ಎಂದರೆ 4 ಮಿಲಿಮೀಟರ್. ಹೊಸ ಕಡ್ಡಿಗಳಲ್ಲಿ ಮಿಲಿಮೀಟರನ್ನೇ ಬರೆದಿರುವುದರಿಂದ ಅಂಗಡಿಯಲ್ಲಿ ಗೊಂದಲವಾಗುವುದುಂಟು.) ಕಡ್ಡಿಗೆ 40 ಕುಣಿಕೆ ಏರಿಸಿಕೊಳ್ಳಿ, ಗಂಡಸರ ಕೈಗಾದರೆ 48. ಎರಡು ನೇರ, ಎರಡು ಉಲ್ಟಾ, ಹೀಗೆ ಸಾಲಿನ ಕೊನೆಯವರೆಗೆ. ಮುಂದಿನ ಸಾಲನ್ನೂ ಎರಡು ನೇರದಿಂದಲೇ ಆರಂಭಿಸಿ. ಕುಣಿಕೆಯ ಸಂಖ್ಯೆ ನಾಲ್ಕರಿಂದ ಭಾಗವಾಗುವುದರಿಂದ ನೇರದ ಮೇಲೆ ನೇರ ತಾನಾಗಿ ಕೂರುತ್ತದೆ. ಈ ಹೆಣಿಗೆ ರಬ್ಬರಿನಂತೆ ಹಿಗ್ಗಿ ಕುಗ್ಗುತ್ತದೆ. 18 ಸೆಂಟಿಮೀಟರ್ ಉದ್ದವಾದ ಮೇಲೆ ಕುಣಿಕೆಗಳನ್ನು ಸಡಿಲವಾಗಿ ಮುಚ್ಚಿ. ಬಿಗಿಯಾಗಿ ಮುಚ್ಚಿದರೆ ಕೈ ತೂರುವುದಿಲ್ಲ, ಕಲಿಯುವವರೆಲ್ಲ ಮಾಡುವ ತಪ್ಪು ಇದೇ. ನಂತರ ಉದ್ದಕ್ಕೆ ಮಡಿಸಿ, ಮೇಲಿನಿಂದ 3 ಸೆಂಟಿಮೀಟರ್ ಹೊಲಿದು, ಹೆಬ್ಬೆರಳಿಗೆ 5 ಸೆಂಟಿಮೀಟರ್ ಬಿಟ್ಟು, ಉಳಿದದ್ದನ್ನು ಹೊಲಿಯಿರಿ.

ಇನ್ನು ಪಶುವೈದ್ಯನ ಮಾತು. ಈ ಚೀಲ ಕೊಟ್ಟಿಗೆಗೆ ಹೋಗಿ ಬರುವುದಕ್ಕೆ, ಮೇವು ಹಾಕುವುದಕ್ಕೆ, ಸಂಘಕ್ಕೆ ಕ್ಯಾನ್ ಒಯ್ಯುವುದಕ್ಕೆ. ಕರೆಯಲು ಕೂರುವಾಗ ಅದನ್ನು ಮೊಣಕೈ ಕಡೆಗೆ ಸರಿಸಿಕೊಂಡು, ಬೆಚ್ಚನೆ ನೀರಿನಲ್ಲಿ ಸೋಪು ಹಾಕಿ ಕೈ ತೊಳೆದು, ಒರೆಸಿಕೊಂಡೇ ಕೆಚ್ಚಲು ಮುಟ್ಟತಕ್ಕದ್ದು. ಉಲ್ಲನ್ನಿನಲ್ಲಿ ಸಗಣಿ, ಹಾಲು ಸೇರಿದರೆ ರೋಗಾಣುಗಳಿಗೆ ಹಬ್ಬ. ಒಂದು ಹಸುವಿನ ಕೆಚ್ಚಲು ಬಾವು ಇನ್ನೊಂದಕ್ಕೆ ದಾಟಲು ಅಷ್ಟು ಸಾಕು. ಎಳೆ ಬಿದ್ದ ಹಾಲು ಸಂಘದಲ್ಲಿ ಮಾತು ಕೇಳಿಸುತ್ತದೆ, ಅದು ಬೇರೆ.

ಬೆಚ್ಚನೆ ನೀರು ಕೇವಲ ತಮ್ಮ ಸುಖಕ್ಕಲ್ಲ. ತಣ್ಣನೆಯ ಕೈ ತಗುಲಿ ಹಸು ಬೆಚ್ಚಿದರೆ ಅದರ ರಕ್ತದಲ್ಲಿ ಅಡ್ರಿನಾಲಿನ್ ಏರಿ, ಹಾಲು ಇಳಿಸುವ ಆಕ್ಸಿಟೋಸಿನ್ ಕೆಲಸ ಮಾಡುವುದಿಲ್ಲ. ಆಕ್ಸಿಟೋಸಿನ್ ಪ್ರಭಾವ ಇರುವುದೇ ಐದಾರು ನಿಮಿಷ. ಚಳಿಗಾಲದಲ್ಲಿ ಹಾಲು ಎತ್ತಿಕೊಳ್ಳುತ್ತದೆ ಎಂದು ದೂರುವವರು ಮೊದಲು ತಮ್ಮ ಕೈಯನ್ನು ಕೆನ್ನೆಗೆ ಒತ್ತಿ ನೋಡಿಕೊಳ್ಳಬೇಕು.

ಟೋಪಿ, ಮತ್ತು ಉಡುಗೊರೆಯ ಮಾತು

ಹುತ್ತರಿಗೆ ಊರಿಗೆ ಬರುವ ಮಕ್ಕಳಿಗೆ, ಬಾಣಂತಿ ಮನೆಯ ಕೂಸಿಗೆ ಕುಲಾವಿ, ಹಿರಿಯರಿಗೆ ಟೋಪಿ ಹೆಣೆದು ಕೊಡುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ದೊಡ್ಡವರ ಟೋಪಿಗೆ 100 ಗ್ರಾಂ ಉಲ್ಲನ್, 8ನೇ ನಂಬರ್ ಕಡ್ಡಿ, 100 ಕುಣಿಕೆ, ಅದೇ ಎರಡು ನೇರ ಎರಡು ಉಲ್ಟಾ. 22 ಸೆಂಟಿಮೀಟರ್ ಆದ ಮೇಲೆ ಒಂದು ಸಾಲು ಪೂರ್ತಿ ಎರಡೆರಡು ಕುಣಿಕೆ ಸೇರಿಸಿ ಹೆಣೆದರೆ 50 ಉಳಿಯುತ್ತದೆ. ಒಂದು ಸಾಲು ಸಾದಾ ಹೆಣೆದು, ಮತ್ತೊಮ್ಮೆ ಎರಡೆರಡು ಸೇರಿಸಿದರೆ 25. ಉಲ್ಲನ್ ಕತ್ತರಿಸಿ ದಬ್ಬಳದಿಂದ ಆ 25 ಕುಣಿಕೆಗಳ ಮೂಲಕ ತೂರಿಸಿ, ಬಿಗಿಯಾಗಿ ಎಳೆದು, ಪಕ್ಕ ಹೊಲಿದರೆ ಮುಗಿಯಿತು.

ನಮ್ಮ ಹಿರಿಯರು ಬಿಡದ ಮಂಕಿ ಕ್ಯಾಪಿಗೆ ಇಂಗ್ಲಿಷಿನವರ ಹೆಸರು ಬಾಲಕ್ಲಾವಾ. 1853–56ರ ಕ್ರಿಮಿಯಾ ಯುದ್ಧದಲ್ಲಿ ಚಳಿಗೆ ನಡುಗುತ್ತಿದ್ದ ಬ್ರಿಟಿಷ್ ಸೈನಿಕರಿಗೆ ಕಳುಹಿಸಿದ ಹೆಣಿಗೆ ಟೋಪಿಗಳಿಂದ, ಅಲ್ಲಿಯ ಒಂದು ಊರಿನ ಹೆಸರಿನಲ್ಲಿ ಬಂದದ್ದು. ನಮ್ಮದು ಜನರಲ್ ತಿಮ್ಮಯ್ಯನವರ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಜಿಲ್ಲೆ. 1962ರ ಚೀನಾ ಯುದ್ಧದ ಕಾಲದಲ್ಲಿ ದೇಶದಾದ್ಯಂತ ಮಹಿಳೆಯರು ಜವಾನರಿಗಾಗಿ ಸ್ವೆಟರ್ ಹೆಣೆದದ್ದನ್ನು ಇಲ್ಲಿಯ ಹಿರಿಯರಿಗೆ ನೆನಪಿಸಬೇಕಾಗಿಲ್ಲ.

ಕೈಯಲ್ಲಿ ಹೆಣೆದರೆ ದುಡ್ಡು ಉಳಿಯುತ್ತದೆಯೇ? ಪ್ರಾಮಾಣಿಕವಾಗಿ ಹೇಳುವುದಾದರೆ, ಇಲ್ಲ. ಕುಶಾಲನಗರದ ಪಕ್ಕದ ಬೈಲಕುಪ್ಪೆಯಲ್ಲಿ 1961ರಲ್ಲಿ ನೆಲೆಸಿದ ಟಿಬೆಟನ್ನರನ್ನೇ ನೋಡಿ. ದೇಶದ ಊರೂರುಗಳಲ್ಲಿ ಚಳಿಗಾಲದ ಸ್ವೆಟರ್ ವ್ಯಾಪಾರವೆಂದರೆ ಟಿಬೆಟನ್ನರದೇ ಎನ್ನುವಷ್ಟು ಅವರು ಅದಕ್ಕೆ ಹೆಸರಾದವರು. ಮೊದಮೊದಲು ಕೈಯಲ್ಲೇ ಹೆಣೆದು ಮಾರುತ್ತಿದ್ದರು. ಕಾಲಕ್ರಮದಲ್ಲಿ ಲೂಧಿಯಾನದ ಮಿಷನ್ ಸ್ವೆಟರನ್ನು ತಂದು ಮಾರುವುದೇ ಅವರಿಗೂ ಲಾಭವೆನಿಸಿತು. ಆದ್ದರಿಂದ ಹೆಣಿಗೆಯನ್ನು ಆದಾಯವೆಂದು ಎಣಿಸಿ ಹೆಣ್ಣುಮಕ್ಕಳ ಮೇಲೆ ಹೊರಿಸುವುದು ಬೇಡ. ಹಾಲು, ಮೇವು, ಅಡಿಗೆ ಎಂದು ಅವರ ಕೈ ಆಗಲೇ ದಣಿದಿರುತ್ತದೆ. ಆ ಕೈಯ ಅಳತೆಗೆ ಸರಿಯಾಗಿ, ಬೇಕಾದ ಜಾಗದಲ್ಲಿ ಬೇಕಾದಷ್ಟು ಬಿಗಿಯಾಗಿ ಕೂರುವ ವಸ್ತು ಮಾತ್ರ ಅಂಗಡಿಯಲ್ಲಿ ಸಿಗದು. ಗಂಡಸರು ಕಲಿಯಬಾರದೆಂದೂ ಇಲ್ಲ. ಸಂಜೆ ಟಿ.ವಿ. ಮುಂದೆ ಕೂರುವ ಎರಡು ಕೈಗಳು ಪ್ರತಿ ಮನೆಯಲ್ಲೂ ಇವೆ.

ಕರುವಿಗೆ ಗೋಣಿ ಅಂಗಿ

ಅಜ್ಜಿಯ ಸ್ವೆಟರಿನ ಕಥೆ ಕೇಳಿ ಎಲ್ಲರೂ ಕರುವಿಗೆ ಉಲ್ಲನ್ ಹೆಣೆಯಲು ಕೂರಬೇಡಿ. ಒಂದು ರಾತ್ರಿಯ ಆಪತ್ತಿಗೆ ಸರಿ. ಆದರೆ ಕರು ಅದನ್ನು ಜಗಿಯುತ್ತದೆ, ನುಂಗಿದ ಎಳೆ ಹೊಟ್ಟೆಯಲ್ಲಿ ಉಂಡೆಯಾಗುತ್ತದೆ. ದಿನಬಳಕೆಗೆ ಕಾಫಿ ತುಂಬಿದ್ದ ಗೋಣಿ ಚೀಲವೇ ಉತ್ತಮ. 2019ರಲ್ಲಿ ಅಯೋಧ್ಯೆಯ ನಗರ ಪಾಲಿಕೆಯು ಗೋಶಾಲೆಯ ಹಸು–ಕರುಗಳಿಗೆ ಸೆಣಬಿನ ಕೋಟು ಹೊಲಿಸುವುದಾಗಿ ಪ್ರಕಟಿಸಿತ್ತು. ನಮ್ಮ ಅಂಗಿಯೂ ಅದೇ ಜಾತಿಯದು.

ಹುಟ್ಟಿದ ಎರಡು ಮೂರು ವಾರದ ಕರುವಿಗೆ, ಮೈ ಒಣಗಿದ್ದು ಗಾಳಿ ಬಡಿಯದಿದ್ದರೂ, ಸುಮಾರು 15 ಡಿಗ್ರಿಗಿಂತ ಕೆಳಗೆ ಇಳಿದರೆ ಶಾಖ ಉಳಿಸಿಕೊಳ್ಳಲು ತಿಂದದ್ದನ್ನೇ ಸುಡಬೇಕಾಗುತ್ತದೆ. ಬೆಳವಣಿಗೆಗೆ ಹೋಗಬೇಕಾದ ಹಾಲು ಹೀಗೆ ಖರ್ಚಾಗುತ್ತದೆ. ಆದ್ದರಿಂದ ಕರು ಹಾಕಿದ ಕೂಡಲೇ ತಾಯಿ ನೆಕ್ಕಲು ಬಿಟ್ಟು, ಒಣ ಗೋಣಿಯಿಂದ ಉಜ್ಜಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಲು ತೊಡಗಿ. ಆರು ಗಂಟೆಯೊಳಗೆ ಮೈತೂಕದ ಹತ್ತನೇ ಒಂದು ಭಾಗ, ಅಂದರೆ 22 ಕಿಲೋ ಕರುವಿಗೆ ಸುಮಾರು 2.2 ಲೀಟರ್ ಹೋಗಿರಬೇಕು. ತಣ್ಣೀರಿನಲ್ಲಿ ತೊಳೆಯುವುದಂತೂ ಬೇಡವೇ ಬೇಡ. ಅಂಗಿ ಇದೆಲ್ಲ ಆದ ಮೇಲೆ, ಪೂರ್ಣ ಒಣಗಿದ ಮೈಗೆ ಮಾತ್ರ.

ಹಗ್ಗದಿಂದ ಹೆಗಲಿನಿಂದ ಬಾಲದ ಬುಡದವರೆಗೆ ಅಳೆದುಕೊಳ್ಳಿ. ಚೀಲದ ಒಂದು ಪಕ್ಕ ಮತ್ತು ಅಡಿ ಬಿಚ್ಚಿ ಹರಡಿ, ಅಳತೆಗೆ ಕತ್ತರಿಸಿ, ಅಂಚು ಮಡಿಸಿ ಹೊಲಿಯಿರಿ. ಒಳಗೆ ಹರಿದ ಸ್ವೆಟರ್ ಅಥವಾ ಹಳೆಯ ಕಂಬಳಿ ತುಂಡು ಹಾಕಿ ಹೊಲಿದರೆ ಬಹಳ ಬೆಚ್ಚಗೆ. ಎದೆಯ ಮುಂದೆ ಒಂದು, ಹೊಟ್ಟೆಯ ಕೆಳಗೆ ಎರಡು ಅಗಲವಾದ ಪಟ್ಟಿ ಸಾಕು, ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಕುತ್ತಿಗೆಗೆ ಯಾವ ದಾರವನ್ನೂ ಕಟ್ಟಬೇಡಿ. ಗಂಡು ಕರುವಾದರೆ ಹಿಂದಿನ ಪಟ್ಟಿ ಮೂತ್ರದ ಜಾಗಕ್ಕೆ ಬರದಂತೆ ಮುಂದಕ್ಕೆ ಹೊಲಿಯಿರಿ. ಗೊಬ್ಬರ, ಮೈಲುತುತ್ತು ಅಥವಾ ಕೀಟನಾಶಕ ಇಟ್ಟಿದ್ದ ಚೀಲವನ್ನು ಎಷ್ಟು ತೊಳೆದರೂ ಬಳಸಬೇಡಿ, ಕರು ನೆಕ್ಕುತ್ತದೆ. ಒದ್ದೆಯಾದ ಅಂಗಿ ಬರಿಮೈಗಿಂತ ಕೆಡುಕು. ಎರಡು ಇಟ್ಟುಕೊಂಡು ದಿನವೂ ಬದಲಿಸಿ, ಬಿಸಿಲು ಬಂದಾಗ ತೆಗೆದುಬಿಡಿ.

ತೊಳೆಯುವ ವಿಷಯದಲ್ಲಿ ನನ್ನ ಅನುಭವ

ಕೆಲ ವರ್ಷಗಳ ಹಿಂದೆ ಸದಸ್ಯೆಯೊಬ್ಬರು ತಾವೇ ಹೆಣೆದ ಅಪ್ಪಟ ಉಣ್ಣೆಯ ಮಫ್ಲರ್ ಕೊಟ್ಟರು. ಅದನ್ನು ಸುತ್ತಿಕೊಂಡೇ ಕಾಲುಬಾಯಿ ಜ್ವರದ ರಾಸುಗಳನ್ನು ನೋಡಿ ಬಂದೆ. ರೋಗವನ್ನು ಮುಂದಿನ ಕೊಟ್ಟಿಗೆಗೆ ಒಯ್ಯಬಾರದಲ್ಲ, ಬೂಟಿಗೆ ಬಳಸುವ ಶೇಕಡಾ 4ರ ವಾಷಿಂಗ್ ಸೋಡಾ ದ್ರಾವಣವನ್ನು ಕುದಿಸಿ ಅದರಲ್ಲೇ ಅದ್ದಿ ಚೆನ್ನಾಗಿ ತಿಕ್ಕಿದೆ. ವೈರಾಣು ಸತ್ತಿರಬೇಕು. ಮಫ್ಲರ್ ಕೂಡ ಸತ್ತಿತು! ಮೊಳದುದ್ದದ ಗಟ್ಟಿ ಕಂಬಳಿಯ ತುಂಡಾಗಿ ಕೈಗೆ ಬಂತು. ಉಣ್ಣೆಯ ಎಳೆಯ ಮೇಲೆ ಮೀನಿನ ಹೊರಪೊರೆಯಂತೆ ಸಣ್ಣ ಹುರುಪೆಗಳಿದ್ದು, ಬಿಸಿ, ಕ್ಷಾರ ಮತ್ತು ತಿಕ್ಕುವಿಕೆ ಸೇರಿದರೆ ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಪದವಿಯಲ್ಲಿ ಓದಿದ್ದೆ, ನೆನಪಾದದ್ದು ಆಮೇಲೆ. ಈಗ ಕೊಟ್ಟಿಗೆಗಳಿಗೆ ಒಗೆಯಬಹುದಾದ ಹತ್ತಿ ಬಟ್ಟೆಯಲ್ಲೇ ಹೋಗುತ್ತೇನೆ, ಉಲ್ಲನ್ ಜೀಪಿನಲ್ಲಿ ಉಳಿಯುತ್ತದೆ. ಮನೆಯಲ್ಲಿ ರೋಗದ ರಾಸು ಇರುವಾಗ ತಾವೂ ಹಾಗೆಯೇ ಮಾಡುವುದು ಕ್ಷೇಮ.

ಉಣ್ಣೆಯನ್ನು ಉಗುರುಬೆಚ್ಚನೆ ನೀರಿನಲ್ಲಿ, ಶಾಂಪೂವಿನಂಥ ಮೆದು ಸೋಪಿನಲ್ಲಿ, ಹಿಂಡದೆ ಒತ್ತಿ ತೊಳೆಯಬೇಕು. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಜಗ್ಗುವುದರಿಂದ ಟವೆಲಿನಲ್ಲಿ ಸುತ್ತಿ ಒತ್ತಿ, ಚಾಪೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಬೇಕು. ಮಳೆಗಾಲಕ್ಕೆ ಎತ್ತಿಡುವ ಮೊದಲು ಬೆವರಿನ ಅಂಶ ಉಳಿಯದಂತೆ ತೊಳೆದಿಡಿ, ನುಸಿ ಮೊದಲು ಹಿಡಿಯುವುದು ಕೊಳೆಯಾದ ಜಾಗವನ್ನೇ. ಸದಸ್ಯೆ ಕೇಳಿದಾಗ ನಾನು ನಿಜ ಹೇಳಿದೆ. ಅವರು ಇನ್ನೊಂದನ್ನು ಹೆಣೆದುಕೊಟ್ಟರು, ಈ ಸಲ ಅಕ್ರಿಲಿಕ್.