ಹಳೇ ಜೀಪಿನ ಬಾಡಿ ಉಳಿಸಿಕೊಂಡದ್ದು

ಜಜ್ಜಿದ ತಗಡು ಬೇರೆ, ತುಕ್ಕು ತಿಂದ ತಗಡು ಬೇರೆ. ಹಳೆಯ ಗಾಡಿಯ ಬಾಡಿ ರಿಪೇರಿ ಮಾಡಿಸಬೇಕೋ, ಕಿತ್ತು ಹೊಸದು ಕೂರಿಸಬೇಕೋ ಎಂದು ಯಾರು ಕೇಳಿದರೂ ನಾನು ಮೊದಲು ಹೇಳುವ ಮಾತು ಇದು. ನೆಗ್ಗಿದ ಕಡೆ ಕಬ್ಬಿಣ ತನ್ನ ಜಾಗ ಬಿಟ್ಟು ಸರಿದಿರುತ್ತದೆ, ಅಷ್ಟೆ. ಬಲ್ಲವರ ಕೈಗೆ ಸಿಕ್ಕರೆ ಮರಳಿ ಬರುತ್ತದೆ. ತುಕ್ಕು ತಿಂದ ಕಡೆ ಕಬ್ಬಿಣವೇ ಇರುವುದಿಲ್ಲ. ನೋಡಿದರೆ ಎದೆ ಧಸಕ್ಕೆನ್ನುವುದು ಮೊದಲನೆಯದಕ್ಕೆ. ಗಾಡಿಯ ಜೀವ ತೆಗೆಯುವುದು ಎರಡನೆಯದು.

ನನಗೆ ಈ ತಿಳಿವಳಿಕೆ ಬಂದದ್ದು ನಮ್ಮ ಅಜ್ಜನ ಜೀಪಿನಿಂದ. ಮಹೀಂದ್ರ ಸಿಜೆ-3ಬಿ, 1967ರ ಪೆಟ್ರೋಲ್ ಗಾಡಿ. ಅಮೆರಿಕದ ವಿಲ್ಲಿಸ್ ಕಂಪನಿ 1953ರಲ್ಲಿ ಹೊರತಂದ ಮಾದರಿ ಅದು. ಅಲ್ಲಿ 1968ಕ್ಕೆ ನಿಂತುಹೋದರೂ ಮಹೀಂದ್ರದವರು ಇಲ್ಲಿ ಅದನ್ನೇ ತಿದ್ದಿ ತೀಡಿ ಬಹಳ ವರ್ಷ ನಡೆಸಿದರು. ಯುದ್ಧಕಾಲದ ಜೀಪಿಗಿಂತ ಇದರ ಬಾನೆಟ್ ಎತ್ತರ. 'ಹರಿಕೇನ್' ಎಂಜಿನ್ನಿನ ಇನ್‌ಲೆಟ್ ವಾಲ್ವುಗಳು ಮೇಲೆ ಹೆಡ್ಡಿನಲ್ಲಿ ಕೂತಿದ್ದರಿಂದ ಎಂಜಿನ್ನೇ ಎತ್ತರವಾಗಿತ್ತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಿದರು. ಹುನಗುಂದಕ್ಕೆ, ಇಳಕಲ್ಲಿನ ಕಲ್ಲಿನ ಕ್ವಾರಿಗಳಿಗೆ, ಕೂಡಲಸಂಗಮಕ್ಕೆ ಅಜ್ಜ ಅದರಲ್ಲೇ ಹೋಗಿಬರುತ್ತಿದ್ದ. ಅವನು ತೀರಿದ ಮೇಲೆ ಬಾದಾಮಿ ತಾಲೂಕಿನ ನಮ್ಮ ಹಳೇ ಮನೆಯ ಕೊಟ್ಟಿಗೆಯಲ್ಲಿ ನಿಂತಿತ್ತು. ವರ್ಷಕ್ಕೊಮ್ಮೆ ಆಯುಧಪೂಜೆಗೆ ತೊಳೆದು, ಕಾಯಿ ಒಡೆದು, ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದೆವು.

2019ರ ಆಗಸ್ಟಿನಲ್ಲಿ ನವಿಲುತೀರ್ಥ ಜಲಾಶಯದಿಂದ ನೀರು ಬಿಟ್ಟಾಗ ಮಲಪ್ರಭೆ ದಂಡೆಯ ಊರುಗಳನ್ನು ಹೊಕ್ಕಿತು. ಪಟ್ಟದಕಲ್ಲಿನ ಗುಡಿಗಳ ಅಂಗಳದಲ್ಲೇ ಹೊಳೆ ನಿಂತ ವರ್ಷ ಅದು. ನಮ್ಮ ಕೊಟ್ಟಿಗೆಯ ಮಣ್ಣಿನ ಗೋಡೆ ನೆನೆದು, ಮಾಳಿಗೆ ಸಮೇತ ಜೀಪಿನ ಎಡಮಗ್ಗುಲಿಗೆ ಕುಸಿಯಿತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಬಾನೆಟ್ ನಡುವೆ ಮಡಚಿತ್ತು, ಗಾಜಿನ ಚೌಕಟ್ಟು ಸ್ಟೇರಿಂಗಿನ ಮೇಲೆ ಮಲಗಿತ್ತು, ಎಡಮಗ್ಗುಲ ತಗಡು ಸೀಟಿನವರೆಗೂ ಒಳಗೆ ಬಂದಿತ್ತು. ಮೇಲೆಲ್ಲ ಎರೆಮಣ್ಣಿನ ರಾಡಿ.

ನೆರೆನೀರಿಗೆ ಸಿಕ್ಕ ಗಾಡಿಗೆ ಮೊದಲ ವಾರದ ಆರೈಕೆಯೇ ಮುಖ್ಯ. ಬಾಡಿಯ ಮಾತು ಆಮೇಲೆ. ಎರೆಮಣ್ಣು ಒಣಗಿ ಹೆಂಟೆಯಾಗುವ ಮುಂಚೆ ತೊಳೆಯಬೇಕು. ಒಣಗಿತೆಂದರೆ ಚಾಸಿಸ್ಸಿನ ಪೊಳ್ಳಿನೊಳಗೆ ಕೂತು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಕೀಲಿ ತಿರುಗಿಸಿ ಸ್ಟಾರ್ಟ್ ಮಾಡಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ, ದಯವಿಟ್ಟು ಬೇಡ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡು ಬಾಗುತ್ತದೆ. ನಾವು ಬ್ಯಾಟರಿ ಕಳಚಿ, ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್‌ಗಳ ಆಯಿಲ್ ಇಳಿಸಿ, ಪ್ಲಗ್ ಬಿಚ್ಚಿ ಸಿಲಿಂಡರಿಗೆ ಡೀಸೆಲ್ ಹನಿಸಿ ಕೈಯಿಂದ ಮೆಲ್ಲಗೆ ತಿರುಗಿಸಿದೆವು. ಎಂಜಿನ್ ಉಳಿಯಿತು.

ಬಾಡಿಯ ವಿಷಯಕ್ಕೆ ಬಾಗಲಕೋಟೆಯ ನವನಗರದಲ್ಲಿ ತೋರಿಸಿದಾಗ ಅಲ್ಲಿನ ಮಿಸ್ತ್ರಿ ಒಂದು ಸುತ್ತು ಹಾಕಿ ಹೇಳಿದರು: "ಇದರಾಗ ಏನೂ ಉಳದಿಲ್ಲ ಸರ್ರ. ಹೊಸಾ ಬಾಡಿ ತರಸ್ರಿ, ಮದುಮಗನಂಗ ಮಾಡಿ ಕೊಡ್ತೀನಿ." ಅವರ ಮಾತಿನಲ್ಲಿ ಮೋಸವಿರಲಿಲ್ಲ. ಜೀಪಿಗೆ ಬಾಡಿ ಬದಲಿಸುವುದು ದೊಡ್ಡ ಸಂಗತಿಯೇ ಅಲ್ಲ. ಚಾಸಿಸ್ ಬೇರೆ, ಬಾಡಿ ಬೇರೆ. ಬೋಲ್ಟ್ ಬಿಚ್ಚಿದರೆ ನಾಲ್ಕು ಜನ ಎತ್ತಿ ಪಕ್ಕಕ್ಕಿಡಬಹುದು. ಹರಿಯಾಣದ ಮಂಡಿ ಡಬ್ವಾಲಿಯಂಥ ಊರುಗಳು ಜೀಪು ಕಟ್ಟುವುದಕ್ಕೇ ಹೆಸರಾಗಿವೆ. ಹಣ ಕಳಿಸಿದರೆ ಹೊಚ್ಚ ಹೊಸ ಬಾಡಿ ಲಾರಿಯಲ್ಲಿ ಬಂದಿಳಿಯುತ್ತದೆ.

ನಾನು ಇಳಕಲ್ಲಿನ ಇನ್ನೊಬ್ಬ ಹಿರಿಯ ಟಿಂಕರ್ ಮಿಸ್ತ್ರಿಗೂ ತೋರಿಸಿದೆ. ಕ್ವಾರಿಯ ಲಾರಿಗಳ ಕ್ಯಾಬಿನ್ ಬಡಿದು ಬಡಿದು ಕೈ ಪಳಗಿದವರು. ಅವರು ಜಜ್ಜಿದ ಕಡೆ ನೋಡಲೇ ಇಲ್ಲ. "ತಮ್ಮಾ, ಬಿದ್ದದ್ದು ಗ್ವಾಡಿ. ತಗಡು ಎಲ್ಲಿಗೂ ಹೋಗಿಲ್ಲ, ಅಲ್ಲೇ ಐತಿ. ಮೊದಲ ಕೆಳಗ ನೋಡೂಣು," ಎಂದು ಗೋಣಿಚೀಲ ಹಾಸಿ ಗಾಡಿಯ ಅಡಿಗೆ ಹೊಕ್ಕರು.

ಅವರು ನೋಡಿದ ಕ್ರಮವನ್ನು ಬರೆದಿಡಬೇಕು. ಮೊದಲು ನಂಬರು. ಚಾಸಿಸ್ ಮೇಲಿನದು, ಎಂಜಿನ್ ಬ್ಲಾಕಿನ ಮೇಲಿನದು, ಫೈರ್‌ವಾಲಿಗೆ ರಿವಿಟ್ ಹೊಡೆದ ಕಂಪನಿಯ ಪ್ಲೇಟು, ಇವು ಆರ್‌ಸಿ ಪುಸ್ತಕದ ಜೊತೆ ತಾಳೆಯಾಗಬೇಕು. ನಮ್ಮದು ಆಯಿತು. ಇಲ್ಲೊಂದು ಸೂಕ್ಷ್ಮವಿದೆ. ಆ ಪ್ಲೇಟು ಇರುವುದು ಬಾಡಿಯ ಮೇಲೆ. ಹೊಸ ಬಾಡಿ ಹಾಕಿದರೆ ಪ್ಲೇಟು ಕಿತ್ತು ಇನ್ನೊಂದು ತಗಡಿಗೆ ಹೊಡೆಯಬೇಕಾಗುತ್ತದೆ. ಗಾಡಿ ಪರೀಕ್ಷಿಸುವವರ ಕಣ್ಣಿಗೆ ಮೊದಲು ಬೀಳುವುದೇ ಮರು ಹೊಡೆದ ರಿವಿಟ್.

ಆಮೇಲೆ ಚಾಸಿಸ್ಸಿನ ನೇರ. ಬಾಡಿ ಇಳಿಸಿ, ಬರೀ ಚಾಸಿಸ್ಸನ್ನು ಪರಿಚಯದವರೊಬ್ಬರ ಗ್ರಾನೈಟ್ ಪಾಲಿಶ್ ಘಟಕಕ್ಕೆ ಒಯ್ದೆವು. ಅಲ್ಲಿನ ನೆಲದಷ್ಟು ಮಟ್ಟವಾದ ನೆಲ ಈ ಸೀಮೆಯಲ್ಲಿ ಬೇರೆಲ್ಲೂ ಸಿಗುವುದಿಲ್ಲ. ಚಾಸಿಸ್ಸನ್ನು ಸ್ಟ್ಯಾಂಡಿನ ಮೇಲಿಟ್ಟು, ಸ್ಪ್ರಿಂಗ್ ಪಾಟಾ ಕೂರುವ ತೂತುಗಳಿಂದ, ಬಾಡಿ ಬೋಲ್ಟಿನ ತೂತುಗಳಿಂದ ತೂಗುಗುಂಡು ಇಳಿಬಿಟ್ಟು, ಗುಂಡಿನ ಮೊನೆ ಮುಟ್ಟಿದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದರು. ಚಾಸಿಸ್ ಪಕ್ಕಕ್ಕೆ ಸರಿಸಿದಾಗ ಆ ಕೆಂಪು ಕಲ್ಲಿನ ಮೇಲೆ ಬಿಳಿ ಚುಕ್ಕೆಗಳು ಉಳಿದವು. ಮೂಲೆಯಿಂದ ಮೂಲೆಗೆ ಅಡ್ಡಡ್ಡ ಟೇಪು ಹಿಡಿದರೆ ಎರಡೂ ಕಡೆಯ ಅಳತೆ ಹತ್ತಿರ ಹತ್ತಿರ ಒಂದೇ ಬಂತು. ಚಾಸಿಸ್ ತಿರುಚಿದ್ದರೆ ಮೇಲೆ ಎಂಥ ಬಾಡಿ ಹಾಕಿದರೂ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟೈರು ತಿನ್ನುತ್ತದೆ. ಈ ಅಳತೆಗೆ ಮುಂಚೆ ಬಾಡಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಮೂರನೆಯದು ಬಾಡಿಯ ತಗಡು. ಸಣ್ಣ ಸುತ್ತಿಗೆಯಿಂದ ಅಂಗೈಯಗಲ ಅಂಗೈಯಗಲ ಜಾಗಕ್ಕೆ ಬಡಿದು ಕೇಳಿದರು. ಗಟ್ಟಿ ತಗಡು ಟಣ್ ಎನ್ನುತ್ತದೆ, ಒಳಗೊಳಗೇ ತಿಂದದ್ದು ದಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಒತ್ತಿದರು. ಹಳೇ ಪುಟ್ಟಿ ಎಲ್ಲೆಲ್ಲಿದೆ ಎಂದು ಅಯಸ್ಕಾಂತ ಹಿಡಿದು ನೋಡಿದರು. ಪುಟ್ಟಿ ದಪ್ಪ ಇದ್ದಲ್ಲಿ ಅದು ಕಚ್ಚುವುದಿಲ್ಲ. ಫಲಿತಾಂಶ ನನ್ನ ಎಣಿಕೆಗೆ ತಿರುಗುಮುರುಗಾಗಿತ್ತು. ಗೋಡೆ ಬಿದ್ದ ಎಡಮಗ್ಗುಲ ತಗಡು ಪೂರ್ತಿ ಗಟ್ಟಿ. ಒಂದು ಗೀರೂ ಆಗದ, ನಾನು ಚಲೋ ಇದೆ ಎಂದುಕೊಂಡಿದ್ದ ನೆಲದ ತಗಡು ಮಾತ್ರ ಜರಡಿ. ಅದರ ಕೆಳಗಿನ ಟೊಪ್ಪಿಯಾಕಾರದ ಚಾನೆಲ್ಲುಗಳಲ್ಲಿ ಅಜ್ಜನ ಕಾಲದ ಹೊಲದ ಮಣ್ಣು ಕೂತು, ಪ್ರತಿ ಮಳೆಗಾಲವೂ ನೆನೆದು, ಒಳಗಿಂದಲೇ ತಿಂದು ಹಾಕಿತ್ತು. ಅದು ಹೊಳೆ ಮಾಡಿದ ಹಾನಿಯಲ್ಲ.

ಅಲ್ಲಿಗೆ ತೀರ್ಮಾನ ಸಲೀಸಾಯಿತು. ಮಗ್ಗುಲು, ಫೈರ್‌ವಾಲ್, ಹಿಂಬದಿ, ಬಾನೆಟ್ ಉಳಿಸಿಕೊಳ್ಳುವುದು. ನೆಲ ಮತ್ತು ಚಾನೆಲ್ ಹೊಸದಾಗಿ ಮಾಡಿಸುವುದು. ಪೂರ್ತಿ ಹೊಸ ಬಾಡಿ ಬೇಡವೆನ್ನಲು ಇನ್ನೊಂದು ಕಾರಣವೂ ಇತ್ತು: ನನಗೆ ತೋರಿಸಿದ ಸಿದ್ಧ ಬಾಡಿ ಯುದ್ಧಕಾಲದ ಜೀಪಿನ ನಕಲು, ಕೆಳಬಾನೆಟ್ಟಿನದು. ಅದನ್ನು ಕೂರಿಸಬೇಕೆಂದರೆ ಬಾನೆಟ್, ಗ್ರಿಲ್, ಗಾಜಿನ ಚೌಕಟ್ಟು ಎಲ್ಲ ಬದಲಾಗಬೇಕಿತ್ತು. ಆಮೇಲೆ ಅದನ್ನು ಸಿಜೆ-3ಬಿ ಎನ್ನಲು ಏನು ಉಳಿಯುತ್ತಿತ್ತು?

ಕೆಲಸ ನಿಧಾನವಾಗಿ ಸಾಗಿತು, ನಡುವೆ ಕೊರೊನಾ ಬಂದು ಪೂರ್ತಿ ನಿಂತಿತು. ಬಾಡಿ ಬಿಚ್ಚಿಟ್ಟಿದ್ದಾಗಲೇ, 2021ರ ಜುಲೈನಲ್ಲಿ, ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ಹೊರಡಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಭಾರೀ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಮೊದಲೇ ನೋಂದಣಿ ಇರುವ ಗಾಡಿ ತನ್ನ ಹಳೇ ನಂಬರನ್ನೇ ಇಟ್ಟುಕೊಳ್ಳಬಹುದು. ಹೊಸದಾಗಿ ಪಡೆಯುವವಕ್ಕೆ ನಂಬರಿನಲ್ಲಿ 'ವಿಎ' ಅಕ್ಷರ ಸೇರುತ್ತದೆ. ದಿನಬಳಕೆಗೆ, ಬಾಡಿಗೆಗೆ ಓಡಿಸುವಂತಿಲ್ಲ. ಇದಕ್ಕೂ ಮುಂಚೆ, 2019ರ ಜನವರಿಯಲ್ಲಿ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಯಾವ ವಾಹನವನ್ನೂ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಎರಡನ್ನೂ ಕೂಡಿಸಿ ಓದಿದರೆ ಹಳೆಯ ಬಾಡಿಯ ಬೆಲೆ ತಿಳಿಯುತ್ತದೆ. ಮೂಲದಲ್ಲಿ ಇದ್ದಂತೆಯೇ ಮಾಡಿದ ನೆಲದ ತಗಡು ರಿಪೇರಿ. ಬೇರೆ ಮಾದರಿಯ ಬಾಡಿ ಮಾರ್ಪಾಡು. ನಾನು ಅರ್ಥ ಮಾಡಿಕೊಂಡದ್ದು ಹೀಗೆ.

ಎಡಮಗ್ಗುಲು ಮರಳಿ ಬಂದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಒಳಗಿನಿಂದ ಮರದ ಸುತ್ತಿಗೆಯಲ್ಲಿ ದೊಡ್ಡ ನೆಗ್ಗು ಎತ್ತಿದ ಮೇಲೆ, ಒಳಗೆ ಡಾಲಿ (ಆನಿಕೆಗೆ ಹಿಡಿಯುವ ಕಬ್ಬಿಣದ ಗಟ್ಟಿ) ಒತ್ತಿ ಹಿಡಿದು ಹೊರಗಿಂದ ಸಣ್ಣ ಸಣ್ಣ ಪೆಟ್ಟು. ಜಜ್ಜಿದಾಗ ತಗಡು ಹಿಗ್ಗಿರುತ್ತದೆ. ನೇರ ಮಾಡಿದರೂ ನಡುವೆ ಉಬ್ಬಿ ನಿಂತು, ಬೆರಳಲ್ಲಿ ಒತ್ತಿದರೆ ಟಪಕ್ಕೆಂದು ಒಳಹೋಗುತ್ತದೆ. ಹೆಚ್ಚಿನವರು ಅಲ್ಲಿ ಪುಟ್ಟಿ ಮೆತ್ತಿ ಕೈ ತೊಳೆದುಕೊಳ್ಳುತ್ತಾರೆ. ಕಾಕಾ (ಇಳಕಲ್ಲಿನ ಮಿಸ್ತ್ರಿಯನ್ನು ಅಷ್ಟರಲ್ಲಿ ನಾನು ಹಾಗೇ ಕರೆಯುತ್ತಿದ್ದೆ) ಉಬ್ಬಿನ ನೆತ್ತಿಯಲ್ಲಿ ರೂಪಾಯಿಯಗಲ ಜಾಗವನ್ನು ಗ್ಯಾಸಿನ ಉರಿಯಿಂದ ಕೆಂಪಗೆ ಕಾಯಿಸಿ, ತಟ್ಟಿ, ಹಸಿ ಅರಿವೆಯಿಂದ ತಣಿಸಿದರು. ಚುಸ್ಸೆಂದ ಕ್ಷಣಕ್ಕೆ ತಗಡು ಬಿಗಿಯುವುದು ಕಣ್ಣಿಗೇ ಕಾಣುತ್ತದೆ. ಹಾಗೆ ಒಂದೊಂದೇ ಚುಕ್ಕೆ.

ನೆಲಕ್ಕೆ 18 ಗೇಜಿನ, ಅಂದರೆ ಸುಮಾರು 1.2 ಮಿ.ಮೀ. ದಪ್ಪದ ಸಿ.ಆರ್. ಶೀಟು ಹಾಕಿದೆವು. ಇಷ್ಟು ತೆಳು ತಗಡಿಗೆ ಆರ್ಕ್ ವೆಲ್ಡಿಂಗ್ ಹಿಡಿಯಬಾರದು, ತೂತು ಬೀಳುತ್ತದೆ. ಸಿಓಟೂ ವೆಲ್ಡಿಂಗಿನಲ್ಲಿ ತುಸು ತುಸು ಬಿಟ್ಟು ಬಿಟ್ಟು ಬೆಸೆಯಬೇಕು. ಚಾನೆಲ್ಲಿಗೆ ನೀರು ಇಳಿದುಹೋಗುವ ತೂತು ಬಿಡಿಸಿದೆವು. ಅಡಿಯಲ್ಲಿ ಹಳತು ಹೊಸತು ಕೂಡುವ ಬೆಸುಗೆಯನ್ನು ತಿಕ್ಕಿ ಮುಚ್ಚಬೇಡಿ ಎಂದೆ, ಬರೀ ಪ್ರೈಮರ್, ಬಣ್ಣ ಸಾಕು. ಇದಕ್ಕೆ ಕಾರಣ ನಮ್ಮ ಸೀಮೆಯ ಗುಡಿಗಳೇ. ಐಹೊಳೆ, ಪಟ್ಟದಕಲ್ಲುಗಳಲ್ಲಿ ಕಂಬವೋ ಗೋಡೆಯೋ ಬಿದ್ದು ಹೋದಲ್ಲಿ ಕೆತ್ತನೆಯಿಲ್ಲದ ಬೋಳು ಕಲ್ಲು ಇಟ್ಟಿರುವುದನ್ನು ನೋಡಿದ್ದೇವೆ. ಹೊಸದು ಹಳತಿನೊಡನೆ ಹೊಂದಬೇಕು, ಆದರೆ ಹೊಸದೆಂದು ತಿಳಿಯಲೂ ಬೇಕು ಎಂಬುದು 1964ರ ವೆನಿಸ್ ಸನ್ನದಿನ ಸೂತ್ರ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ತನ್ನ ಟ್ಯೂರಿನ್ ಸನ್ನದನ್ನು ರೂಪಿಸಿದ್ದು ಅದೇ ವೆನಿಸ್ ಸನ್ನದಿನ ಆಧಾರದ ಮೇಲೆ. ಗುಡಿಗೆ ಒಪ್ಪುವ ಮಾತು ಜೀಪಿಗೂ ಒಪ್ಪುತ್ತದೆ ಎಂದು ನನಗೆ ಪೂರ್ಣ ನಂಬಿಕೆ.

ಹಾಗಂತ ಎಲ್ಲ ಗಾಡಿಗೂ ಇದೇ ದಾರಿ ಎಂದು ನಾನು ಹೇಳುವುದಿಲ್ಲ. ಇಳಕಲ್ಲಿನ ಗೆಳೆಯನ ಜೀಪು ಕ್ವಾರಿಯಲ್ಲಿ ಸವೆದದ್ದು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ್ದರು, ಮಗ್ಗುಲುಗಳನ್ನು ಯಾವಾಗಲೋ ಬೇರೆ ಕಟ್ಟಿಸಿದ್ದರು, ಇದ್ದ ತಗಡೂ ಪುಟ್ಟಿಯ ಆಸರೆಯಲ್ಲಿ ನಿಂತಿತ್ತು. ಉಳಿಸಲು ಅಲ್ಲಿ ಮೂಲದ್ದೇನೂ ಇರಲಿಲ್ಲ. ಅದಕ್ಕೆ ಅದೇ ಮಾದರಿಯ ಹೊಸ ಬಾಡಿ ಹಾಕಿಸು ಎಂದು ನಾನೇ ಹೇಳಿದೆ. ಇಂದು ಅದು ಚೆನ್ನಾಗಿದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯವರ ಕಷ್ಟ ಬೇರೆ. ಅವುಗಳಲ್ಲಿ ಜೀಪಿನಂತೆ ಬಿಚ್ಚಿಡುವ ಚಾಸಿಸ್ ಇಲ್ಲ, ಬಾಡಿಯೇ ಬೆನ್ನೆಲುಬು. ಇನ್ನೊಂದು ಗಾಡಿಯ ಶೆಲ್ ತಂದು ಹಾಕಿದರೆ ಅದು ಕಾನೂನಿನ ಕಣ್ಣಿಗೂ, ನನ್ನ ಕಣ್ಣಿಗೂ ಆ ಇನ್ನೊಂದು ಗಾಡಿಯೇ. ಅವಕ್ಕೆ ರಿಪೇರಿಯೊಂದೇ ದಾರಿ. ಇಲ್ಲವಾದರೆ ಬಿಡಿಭಾಗಗಳಿಗಾಗಿ ಜೋಪಾನ ಮಾಡಿಡುವುದು.

ಖರ್ಚಿನ ಮಾತು: ರಿಪೇರಿಗೆ ಹೊಸ ಬಾಡಿಗಿಂತ ಹೆಚ್ಚೇ ಹೋಯಿತು. ಹೋದದ್ದೆಲ್ಲ ಕೂಲಿಗೆ. ತಗಡಿನ ಬೆಲೆ ಅದರಲ್ಲಿ ಅಲ್ಪ. ಆ ಹಣ ದೂರದ ಊರಿನ ಫ್ಯಾಕ್ಟರಿಗೆ ಹೋಗದೆ ಇಳಕಲ್ಲಿನ ಒಬ್ಬ ಕಸುಬುದಾರನ ಮನೆಗೆ ಹೋಯಿತು ಎಂಬುದು ನನಗೆ ಸಂತೋಷವೇ. ಡಾಲಿ ಹಿಡಿದು ತಗಡು ತಿದ್ದಬಲ್ಲವರು ಈಗ ಕಡಿಮೆ; ಕೆಲಸ ಕೊಡದಿದ್ದರೆ ಆ ವಿದ್ಯೆ ಇನ್ನೊಬ್ಬರಿಗೆ ದಾಟುವುದೇ ಇಲ್ಲ.

ಬಾದಾಮಿ, ಹುನಗುಂದ, ಇಳಕಲ್ ಸೀಮೆಯ ಕೊಟ್ಟಿಗೆಗಳಲ್ಲಿ, ಕ್ವಾರಿಗಳ ಹಿತ್ತಲಲ್ಲಿ ಇಂಥ ಗಾಡಿಗಳು ಇನ್ನೂ ನಿಂತಿವೆ. ನಿಮ್ಮಲ್ಲೊಂದು ಇದ್ದರೆ ಆರ್‌ಸಿ ಹುಡುಕಿ ತೆಗೆದು ಮೊದಲ ನೋಂದಣಿಯ ತಾರೀಖು ನೋಡಿ. 50 ವರ್ಷ ದಾಟಿದ್ದರೆ ಕಟರ್ ಹಚ್ಚುವ ಮುಂಚೆ ಗಾಡಿಯ ಅಡಿಯನ್ನು ಬಲ್ಲವರಿಗೆ ತೋರಿಸಿ, ನಾಲ್ಕೂ ಕಡೆಯಿಂದ ಫೋಟೊ ತೆಗೆದಿಡಿ. ಹೊಸ ಬಾಡಿಯೇ ಗತಿ ಎಂದಾದರೂ ಹಳೆಯದನ್ನು ಗುಜರಿಗೆ ತೂಗಿ ಕೊಡಬೇಡಿ; ನಿಮಗೆ ಬೇಡವಾದ ಬಾನೆಟ್ಟಿಗಾಗಿ ಇನ್ನೊಂದು ಊರಿನಲ್ಲಿ ಯಾರೋ ಹುಡುಕುತ್ತಿರುತ್ತಾರೆ.