ಮಾರುವ ಬೈಕಿನ ದೋಷ ಹೇಳಬೇಕೇ?

"ಗಾಡಿ ನಿಮ್ಮ ಕಣ್ಣ ಮುಂದೆಯೇ ಇದೆ, ನೋಡಿ ಕೊಳ್ಳಿರಿ" ಎಂದುಬಿಟ್ಟರೆ ಮಾರುವವನ ಹೊಣೆ ಮುಗಿಯಿತೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಇಸ್ಲಾಮ್ ಇದನ್ನು ಒಪ್ಪುವುದಿಲ್ಲ.

ಯಮಾಹ ಆರ್‌ಎಕ್ಸ್ 100 ಬೈಕನ್ನೇ ತೆಗೆದುಕೊಳ್ಳಿ. ಜಪಾನಿನ ಯಮಾಹದ ಸಹಕಾರದಿಂದ ಎಸ್ಕಾರ್ಟ್ಸ್ ಸಂಸ್ಥೆಯು ಇದನ್ನು 1985ರಿಂದ 1996ರವರೆಗೆ ತಯಾರಿಸಿತು. ಎಂಜಿನ್ ಬರೀ 98 ಸಿಸಿ. ಆದರೂ ಅದರ ಓಟಕ್ಕೆ ಮನಸೋಲದವರು ಕಡಿಮೆ. ಸಂಪಗಾಂವ, ಬೈಲಹೊಂಗಲದ ಕಡೆ ಇಂದಿಗೂ ಚೆನ್ನಾಗಿ ಕಾಪಾಡಿದ ಗಾಡಿಗೆ ಒಳ್ಳೆಯ ಬೆಲೆಯಿದೆ. ಬೆಲೆ ಹೆಚ್ಚಿದಂತೆ ದೋಷ ಮುಚ್ಚಿಡುವ ಆಸೆಯೂ ಹೆಚ್ಚುತ್ತದೆ.

ಪ್ರವಾದಿವರ್ಯರು(ಸ) ಒಮ್ಮೆ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಒಳಗೆ ತೇವವಿತ್ತು. ಮಳೆಯಿಂದ ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು (ಮುಸ್ಲಿಮ್). ಗಮನಿಸಿರಿ, ಧಾನ್ಯ ನೆನೆದದ್ದು ವ್ಯಾಪಾರಿಯ ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಹಾಗೆಯೇ ಬೈಕ್ ಸವೆಯುವುದು ಪಾಪವಲ್ಲ, ಸವೆತವನ್ನು ಬಣ್ಣದಡಿ ಅಡಗಿಸುವುದು ಪಾಪ.

ಆದ್ದರಿಂದ ಬೋರ್ ಮಾಡಿಸಿದ್ದರೆ ಹೇಳಿರಿ. ಆಯಿಲ್ ಪಂಪ್ ತೆಗೆಸಿ ಪೆಟ್ರೋಲಿಗೇ ಆಯಿಲ್ ಬೆರೆಸುತ್ತಿದ್ದರೆ ತಿಳಿಸಿರಿ. ಮೂಲ ಬಿಡಿಭಾಗದ ಬದಲು ಬೇರೆಯದು ಹಾಕಿಸಿದ್ದರೆ ತೋರಿಸಿರಿ. ಮೀಟರ್ ಹಿಂದಕ್ಕೆ ತಿರುಗಿಸುವುದು ತಕ್ಕಡಿಯಲ್ಲಿ ಮೋಸಮಾಡಿದಂತೆಯೇ. ಅಂಥವರ ದುರ್ಗತಿಯನ್ನು ಅಲ್‌ಮುತಫ್ಫಿಫೀನ್ ಅಧ್ಯಾಯದ ಆರಂಭದಲ್ಲೇ ಓದಬಹುದು. ಬೆಲೆ ಏರಿಸಲು ಗೆಳೆಯನನ್ನು ಸುಳ್ಳು ಗಿರಾಕಿಯಾಗಿ ನಿಲ್ಲಿಸುವುದನ್ನೂ ಪ್ರವಾದಿವರ್ಯರು(ಸ) ನಿಷೇಧಿಸಿದ್ದಾರೆ. ಕೊಳ್ಳುವವನು ಯಾವ ಧರ್ಮದವನೇ ಆಗಿರಲಿ, ಈ ಪ್ರಾಮಾಣಿಕತೆ ಅವನ ಹಕ್ಕು.

ಕೊಳ್ಳುವವರಿಗೂ ಪಾಠವಿದೆ. ಜರೀರ್ ಬಿನ್ ಅಬ್ದುಲ್ಲಾಹ್(ರ)ರಿಗಾಗಿ ಒಂದು ಕುದುರೆಯನ್ನು 300 ದಿರ್ಹಮಿಗೆ ಗೊತ್ತುಮಾಡಲಾಗಿತ್ತು. ಅದರ ಯೋಗ್ಯತೆ ಹೆಚ್ಚಿನದೆಂದು ಕಂಡ ಅವರು ತಾವೇ ಬೆಲೆ ಏರಿಸುತ್ತಾ ಹೋಗಿ 800 ದಿರ್ಹಮ್ ಕೊಟ್ಟರೆಂದು ವರದಿಯಾಗಿದೆ. ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವೆನೆಂದು ಪ್ರವಾದಿವರ್ಯರಿಗೆ(ಸ) ಅವರು ಪ್ರತಿಜ್ಞೆ ಮಾಡಿದ್ದರು. ತೀರಿಹೋದ ಗಂಡನ ಬೈಕನ್ನು ಬೆಲೆ ತಿಳಿಯದೆ ಮಾರಲು ಬಂದ ವಿಧವೆಯ ಮುಂದೆ ನಾವೇನು ಮಾಡುತ್ತೇವೆ?

ವ್ಯವಹಾರಕ್ಕೆ ಸಾಕ್ಷಿಗಳಿರಲೆಂದು ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತ ಕಲಿಸುತ್ತದೆ. ಬರೀ ಬಾಯಿಮಾತಿನ ಮೇಲೆ ಗಾಡಿ ಕೊಡಬೇಡಿರಿ. ರಸೀದಿಯಲ್ಲಿ ದಿನಾಂಕ ಬರೆಯಿರಿ, 29 ಮತ್ತು 30ನೆಯ ನಮೂನೆಗಳನ್ನು ತುಂಬಿರಿ. ಗಾಡಿ ರಾಜ್ಯದೊಳಗೇ ನೋಂದಣಿಯಾಗಿದ್ದರೆ ಮಾರಾಟದ ಸುದ್ದಿಯನ್ನು ಮಾರಿದವನು 14 ದಿನಗಳೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕು. ಹೆಸರು ಬದಲಾಗುವ ಮೊದಲು ಅಪಘಾತವಾದರೆ ಪರಿಹಾರದ ಹೊರೆ ಹಳೆಯ ಮಾಲಿಕನ ತಲೆಗೇ ಬರಬಹುದು.

ದೋಷ ಹೇಳಿದರೆ ಎರಡು ಸಾವಿರ ಕಡಿಮೆ ಬಂದೀತು. ಆದರೆ ಮಾರುವವನೂ ಕೊಳ್ಳುವವನೂ ಸತ್ಯ ನುಡಿದರೆ ವ್ಯಾಪಾರದಲ್ಲಿ ಬರಕತ್ ಇದೆಯೆಂದೂ, ಮುಚ್ಚಿಟ್ಟರೆ ಅದು ಅಳಿಸಿಹೋಗುವುದೆಂದೂ ಪ್ರವಾದಿವರ್ಯರು(ಸ) ತಿಳಿಸಿದ್ದಾರೆ (ಬುಖಾರಿ, ಮುಸ್ಲಿಮ್). ಆ ಹಣದಿಂದಲೇ ಮಕ್ಕಳ ತಟ್ಟೆಗೆ ರೊಟ್ಟಿ ಬರುವುದೆಂಬುದನ್ನು ಮರೆಯದಿರೋಣ. ಹಲಾಲ್ ಸಂಪಾದನೆಯಲ್ಲೇ ತೃಪ್ತರಾಗುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.